ಸೀರೆಯ ಅಂಚಿನ ಯುದ್ಧನೌಕೆ

ಸಿರುಮುಗೈ
೧೬ ನವೆಂಬರ್ ೧೯೮೬, ಭಾನುವಾರ

ಪ್ರೀತಿಯ ಕೇಶವಣ್ಣನಿಗೆ ತಂಗಿ ನಾಚಿಯ ನಮಸ್ಕಾರ.

ಕಣ್ಣು ಹೇಗಿದೆ? ವೆಲ್ಡಿಂಗ್ ಬೆಳಕಿಗೆ ಮರಳು ಬಿದ್ದಂತೆ ಉರಿಯುತ್ತದೆ ಎಂದು ನೀನು ಬರೆದಿದ್ದೆ. ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಬೇಕಂತೆ, ಅಮ್ಮನ ಅಪ್ಪಣೆ. ವಿಶಾಖಪಟ್ಟಣದ ಮೆಸ್ಸಿನ ಖಾರದ ಮೇಲೆ ಅವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಅಪ್ಪನ ಮೊಣಕಾಲು ಹಾಗೇ ಇದೆ. ಮಗ್ಗದ ಗುಂಡಿಗೆ ಇಳಿಯುವಾಗ ಗೋಡೆ ಹಿಡಿಯುತ್ತಾರೆ. ಕಣ್ಣಿನ ಪೊರೆಯನ್ನು ಮಾತ್ರ ಒಪ್ಪಿಕೊಳ್ಳುವುದಿಲ್ಲ. ಅಜ್ಜಿ ನಮ್ಮಿಬ್ಬರಿಗೂ ಕಲಿಸಿದ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಕನ್ನಡ ಆಡುವವರೇ ಎಲ್ಲ, ಓದುವವರಿಲ್ಲ. ಇವತ್ತು ಅದೇ ಒಳ್ಳೆಯದು ಅನ್ನಿಸುತ್ತಿದೆ. ತಂತಿ ಕೊಡೋಣವೆಂದರೆ ಅಂಚೆಮನೆಯವರು ಓದುತ್ತಾರೆ ಎಂದು ಭಯ.

ನನ್ನ ಹಡಗಿನ ಹುಚ್ಚು ನಿನಗೆ ಗೊತ್ತಲ್ಲ. ಮೆಟ್ಟುಪಾಳ್ಯಂ ವಾಚನಾಲಯದ ಕಿರುಹೊತ್ತಿಗೆಗಳನ್ನು ಓದಿ ಓದಿ ನಾನು ನಂಬಿರುವುದು ಒಂದೇ: ಬಡ ದೇಶಕ್ಕೆ ಬೆಟ್ಟದಂಥ ಹಡಗು ಬೇಡ. ಹಸಿದವರ ತೆರಿಗೆಯಲ್ಲಿ ಕಟ್ಟಿದ ಬೆಟ್ಟ ಅದು. ನಮಗೆ ಬೇಕಾದ್ದು ಪುಟ್ಟ ದೋಣಿ, ಗುರಿ ಹಿಡಿಯುವಷ್ಟರಲ್ಲಿ ತಪ್ಪಿಸಿಕೊಳ್ಳುವಂಥದ್ದು; ಮೀನುಗಾರರ ಕಟ್ಟುಮರದ ಮುಂದೆ ನಿಂತು ಅವರನ್ನು ಕಾಯುವಂಥದ್ದು. ೭೧ರ ಯುದ್ಧದಲ್ಲಿ ಕರಾಚಿಯನ್ನು ನಡುಗಿಸಿದ್ದು ಸಣ್ಣ ದೋಣಿಗಳೇ ತಾನೇ? ಸಮುದ್ರವನ್ನೇ ನೋಡದವಳು ನಾನು, ನಗಬೇಡ. ಭವಾನಿ ಹೊಳೆಯಲ್ಲಿ ಮರದ ತುಂಡುಗಳನ್ನು ದಾರ ಕಟ್ಟಿ ಎಳೆದು, ಯಾವ ಮೂತಿಗೆ ನೀರು ಕಡಿಮೆ ಏಳುತ್ತದೆ ಎಂದು ನೋಡಿದವಳು. ಅಪ್ಪನ ಸೀರೆ ಅಂಚಿನ ನಕ್ಷೆಗೆ ತರುವ ಚೌಕಳಿ ಕಾಗದದಲ್ಲಿ ಉಳಿದ ಹಾಳೆಗಳೆಲ್ಲ ನನ್ನವು. ಹಡಗನ್ನು ಪಕ್ಕದಿಂದ ಕಂಡಂತೆ ಬರೆದು, ನೀರಿನ ಕೆಳಗೆ ಬರುವ ಚೌಕದ ಮನೆಗಳಿಗೆ ಕೆಂಪು ತುಂಬಿ, ಮೇಲಿನವಕ್ಕೆ ಹಸಿರು ತುಂಬಿ ಎಣಿಸಿದರೆ ಅದು ಎಷ್ಟು ನೀರು ಸರಿಸುತ್ತದೆ ಎಂದು ಅಂದಾಜು ಸಿಗುತ್ತದೆ. ಇದು ನನ್ನದೇ ಲೆಕ್ಕ, ಯಾರೂ ಹೇಳಿಕೊಟ್ಟದ್ದಲ್ಲ.

ಆ ಬಣ್ಣದಿಂದಲೇ ಕೆಟ್ಟಿತು, ಅಣ್ಣ. ದೀಪಾವಳಿಗೆ ಹೊಸ ಅನ್ನಪಕ್ಷಿ ಅಂಚು ಬೇಕೆಂದು ನಮಗೆ ನೇಯಲು ಕೊಡುವ ಸಾಹುಕಾರರು ಕೇಳಿದ್ದರು. ನಾನು ಹಂಸದ ನಕ್ಷೆ ಬರೆದು ಕಪಾಟಿನ ಮೇಲಿಟ್ಟಿದ್ದೆ. ಅದರ ಪಕ್ಕದಲ್ಲಿದ್ದ ಹಡಗಿನ ಹಾಳೆಯನ್ನು ಅಪ್ಪ ಆ ಪೊರೆಗಣ್ಣಿನಲ್ಲಿ ಹಂಸವೆಂದುಕೊಂಡು ತೆಗೆದುಕೊಂಡು ಹೋಗಿ ನಕ್ಷೆ ನೋಡಿ ರಟ್ಟಿಗೆ ತೂತು ಹೊಡೆದು ಅಟ್ಟೆ ಮಾಡುವ ಮಾರಿಮುತ್ತುವಿಗೆ ಕೊಟ್ಟರು. ಚೌಕ ಚೌಕಕ್ಕೂ ಬಣ್ಣ ತುಂಬಿದ್ದನ್ನು ಕಂಡ ಮೇಲೆ ಅವನಿಗೆ ಅನುಮಾನ ಏಕೆ ಬರಬೇಕು? ಬಣ್ಣವಿದ್ದಲ್ಲಿ ತೂತು ಹೊಡೆದ. ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಆ ಅಟ್ಟೆ ಏರಿತು. ಆ ವಾರ ನಾನು ಕುನ್ನತ್ತೂರಿನಲ್ಲಿ ಅತ್ತೆಯ ಬಾಣಂತನಕ್ಕೆ ಹೋಗಿದ್ದೆ. ಬಂದು ನೋಡುತ್ತೇನೆ, ಕಡುನೀಲಿ ರೇಷ್ಮೆಯ ಅಂಚಿನುದ್ದಕ್ಕೂ ನನ್ನ ದೋಣಿ ಸಾಲಾಗಿ ಹೊರಟಿದೆ, ಮೂತಿಯಲ್ಲಿ ಫಿರಂಗಿ, ಹಿಂದೆ ಕ್ಷಿಪಣಿಯ ಪೆಟ್ಟಿಗೆ, ಎಲ್ಲ ಜರಿಯಲ್ಲಿ! ಪಕ್ಕದ ಮನೆಯ ಸುಬ್ಬಾತಾಳ್ ಅತ್ತೆ ಮುಟ್ಟಿ ನೋಡಿ, “ಏನು ಮಾಮಾ, ನಿಮ್ಮ ಅನ್ನಪಕ್ಷಿ ಸುರುಟ್ಟು ಸೇದ್ತಾ ಐತೆ!” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸೀರೆಗಳು ಕೊಯಮತ್ತೂರಿನ ಅಂಗಡಿಗೆ ಹೋದವು, ಹಬ್ಬಕ್ಕೆ ಮಾರಾಟವೂ ಆದವು.

ಗುರುವಾರ ಕೊಯಮತ್ತೂರಿನಿಂದ ಇಬ್ಬರು ಪೊಲೀಸರು ಬಂದರು. ಮಫ್ತಿಯಲ್ಲಿದ್ದರು. ಕೈಯಲ್ಲಿ ನಮ್ಮದೇ ಸೀರೆ. ಅಪ್ಪ ಜವಳಿಯವರೆಂದುಕೊಂಡು ಚಾಪೆ ಹಾಸಿದರು, ನನ್ನನ್ನು ಮಜ್ಜಿಗೆಗೆ ಓಡಿಸಿದರು. ಅವರಲ್ಲಿ ಹಿರಿಯವನು ಅಂಚಿನ ಮೇಲೆ ಬೆರಳಿಟ್ಟು, ಇದು ಕಪ್ಪಲ್, ಹಡಗು, ಯಾರು ಬರೆದದ್ದು ಎಂದು ತಮಿಳಿನಲ್ಲಿ ಕೇಳಿದ. ಅಪ್ಪನ ಮುಖ ಹೇಗೆ ಅರಳಿತು ಗೊತ್ತೇ! “ಕಪ್ಪಲಾ? ಹಾಗಾದ್ರೆ ನಮ್ಮ ಹುಡುಗನದೇ ಸಾರ್! ವೈಜಾಗ್‌ನಾಗೆ ನೇವಿ ಹಡಗಿನ ಕೆಲಸ ಅವನಿಗೆ, ಭಾರೀ ತಲೆ!” ಎಂದು ಸಂತೋಷಕ್ಕೆ ಕನ್ನಡದಲ್ಲೇ ಶುರುಮಾಡಿ, ಆಮೇಲೆ ತಮಿಳಿನಲ್ಲಿ ಬಿಡಿಸಿ ಹೇಳಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಂಕೆಯಲ್ಲಿ ಬಂದೂಕು ಹಿಡಿದ ತಮಿಳು ಹುಡುಗರಿಗೆ ದೋಣಿ ಯಾರು ಕೊಡುತ್ತಾರೆ, ನಕ್ಷೆ ಯಾರು ಕೊಡುತ್ತಾರೆ ಎಂದು ಪೊಲೀಸರು ಊರೂರು ಜಾಲಾಡುತ್ತಿರುವ ತಿಂಗಳು ಇದು. ನಿನ್ನ ಪೂರಾ ಹೆಸರು, ಡಾಕ್‌ಯಾರ್ಡಿನಲ್ಲಿ ಯಾವ ವಿಭಾಗ, ಕಡೆಯ ಸಲ ರಜೆಗೆ ಬಂದದ್ದು ಯಾವಾಗ, ಎಲ್ಲ ಕೇಳಿದರು. ಅಪ್ಪ ಎಲ್ಲವನ್ನೂ ಹೆಮ್ಮೆಯಿಂದ ಹೇಳಿದರು.

ನಾನು ಲೋಟ ಕೆಳಗಿಟ್ಟು, ನಾನೇ ಬರೆದದ್ದು ಎಂದೆ. ಅವರು ತಿರುಗಿಯೂ ನೋಡಲಿಲ್ಲ. ಮತ್ತೊಮ್ಮೆ ಹೇಳಿದೆ. ಹಿರಿಯವನು ನಕ್ಕ. “ಅಣ್ಣನ ಮೇಲೆ ಪ್ರೀತಿ ಜಾಸ್ತಿಯೋ ಅಮ್ಮಿಣಿ? ಒಳಗೆ ಹೋಗು.” ಅಪ್ಪನೂ ಗದರಿದರು. ಅಟ್ಟೆಗಳನ್ನೂ ನನ್ನ ಹಾಳೆಗಳನ್ನೂ ಮೂಟೆ ಕಟ್ಟಿ ಒಯ್ದರು. ಮಾರಿಮುತ್ತು ಆಮೇಲೆ ಈ ಕಡೆ ತಲೆ ಹಾಕಿಲ್ಲ. ಬೀದಿಯಲ್ಲಿ ಜೀಪಿನ ಸದ್ದಾದರೆ ಅಪ್ಪ ಲಾಳಿ ನಿಲ್ಲಿಸಿ ಕಿವಿಗೊಡುತ್ತಾರೆ. ತಾವು ಹೆಮ್ಮೆಯಿಂದ ಹೇಳಿದ್ದು ಏನಾಯಿತು ಎಂದು ಅವರಿಗೆ ಈಗ ಅರ್ಥವಾಗಿದೆ. ಅಮ್ಮ ಉಣ್ಣುತ್ತಿಲ್ಲ. ನನಗೆ ಕಣ್ಣು ಮುಚ್ಚಿದರೆ ನಿನ್ನನ್ನು ಗೇಟಿನಿಂದ ಕರೆದುಕೊಂಡು ಹೋಗುವುದೇ ಕಾಣುತ್ತದೆ. ಕದ್ದ ನಕ್ಷೆ ಎಂದರೆ ಬರೀ ಕೆಲಸ ಹೋಗುವ ಮಾತಲ್ಲ, ಜೈಲು. ನನ್ನ ದೋಣಿ ನಿಜವಾದದ್ದನ್ನು ಹೋಲುತ್ತಿದ್ದರೆ ಅದಕ್ಕೆ ನೀನು ಕಾರಣನಲ್ಲ. ವೇಗ ಬೇಕೆಂದವರಿಗೆಲ್ಲ ನೀರು ಕೊಡುವುದು ಅದೊಂದೇ ಆಕಾರ. ಇದನ್ನು ಅವರಿಗೆ ಹೇಗೆ ತಿಳಿಸಲಿ?

ನಾಳೆ ಬೆಳಗಿನ ಬಸ್ಸಿಗೆ ಕೊಯಮತ್ತೂರಿನ ಪೊಲೀಸ್ ಕಚೇರಿಗೆ ಹೊರಟಿದ್ದೇನೆ. ಖಾಲಿ ಚೌಕಳಿ ಹಾಳೆ, ಬಣ್ಣದ ಪೆನ್ಸಿಲು ಚೀಲದಲ್ಲಿವೆ. ಅವರ ಎದುರಿಗೇ ಕೂತು ಇನ್ನೊಂದು ಹಡಗು ಬರೆದು ತೋರಿಸುತ್ತೇನೆ, ಅದಕ್ಕಿಂತ ವೇಗದ್ದು. ಅಪ್ಪನಿಗೆ ಹೇಳಿಲ್ಲ. ಪೆನ್ಸಿಲುಗಳನ್ನು ಈಗಲೇ ಚೂಪು ಮಾಡಿಟ್ಟಿದ್ದೇನೆ.

ಅಪ್ಪ, ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ತಾಯಿ ಚೌಡೇಶ್ವರಿ ನಿನ್ನ ಬೆನ್ನ ಹಿಂದೆ ನಿಂತಿರಲಿ.

ನಿನ್ನ ತಂಗಿ,
ನಾಚಿಯಮ್ಮ

ಮರೆತಿದ್ದೆ: ನಾನು ಕೊಯಮತ್ತೂರಿನಲ್ಲಿ ಅವರನ್ನು ಕಾಣುವ ಮೊದಲೇ ಅವರು ನಿನ್ನ ಹತ್ತಿರ ಬಂದರೆ, ನನ್ನನ್ನು ಉಳಿಸಲು ‘ನಾನೇ ಬರೆದೆ’ ಎನ್ನಬೇಡ, ಅಣ್ಣ. ಚಿಕ್ಕಂದಿನಿಂದ ನನ್ನ ಏಟನ್ನೆಲ್ಲ ನೀನೇ ತಿಂದವನು, ಅದಕ್ಕೇ ಹೇಳುತ್ತಿದ್ದೇನೆ. ನಾನು ಎರಡು ಸಲ ನಿಜ ಹೇಳಿದೆ, ನಂಬಲಿಲ್ಲ. ನೀನು ಒಂದು ಸಲ ಸುಳ್ಳು ಹೇಳಿದರೆ ಸಾಕು, ತಕ್ಷಣ ನಂಬುತ್ತಾರೆ.