ಸಿಂಹದ ಬಾಗಿಲಿನ ಮುದ್ರೆ

ರಾಜಧಾನಿ ಹತ್ತೂಶದ ನಗರಾಧಿಕಾರಿ, ನನ್ನ ಒಡೆಯ ಹಾಲ್ಪಜಿತಿಯವರಿಗೆ, ಸಿಂಹದ ಬಾಗಿಲು ಕಾಯುವ ಜುವಾನ ಅಡ್ಡಬಿದ್ದು ಬರೆದದ್ದು. ನೀವು ಎಲ್ಲೇ ಇದ್ದರೂ ದೇವರುಗಳು ನಿಮ್ಮನ್ನು ಕಾಯಲಿ.

ಅರಸರೂ ದೇವರ ವಿಗ್ರಹಗಳೂ ನೀವೂ ಊರು ಬಿಟ್ಟ ಸಂಜೆ, ನಿಮ್ಮ ಅಪ್ಪಣೆಯಂತೆ ನಾನು ಬಾಗಿಲು ಹಾಕಿ, ಅಗುಳಿಗೆ ಹಸಿಮಣ್ಣು ಮೆತ್ತಿ ಮುದ್ರೆ ಒತ್ತಿದ್ದೇನೆ. ಬೆಳಿಗ್ಗೆ ನಿಮ್ಮ ಕಡೆಯವರು ಬಂದು ಮುದ್ರೆ ನೋಡಿದ ಮೇಲೆಯೇ ತೆರೆಯಬೇಕಲ್ಲವೇ? ಯಾರೂ ಬರಲಿಲ್ಲ. ಹಿಮ ಬಿದ್ದು ಕರಗಿತು, ಇನ್ನೂ ಬಂದಿಲ್ಲ.

ಮಣ್ಣು ಮೆತ್ತುವವರಿಲ್ಲದೆ ಬಾಗಿಲ ಪಕ್ಕದ ಇಟ್ಟಿಗೆ ಗೋಡೆ ಮೊನ್ನೆ ಕುಸಿಯಿತು. ಉಳಿದಿದ್ದ ಜನ ಅಲ್ಲಿಂದಲೇ ಹೊರಟುಹೋದರು. ನನ್ನ ಹೆಂಡತಿ ಅನ್ನಿಯಾ ಮಗುವನ್ನು ಎತ್ತಿಕೊಂಡು ಬಂದು, "ಗೋಡೇನೇ ಬಿದ್ದೋಯ್ತು, ಇನ್ನೂ ಬಾಗ್ಲು ಕಾಯ್ತೀರಾ? ನಮ್ಜೊತೆ ಬರ್ತೀರೋ, ಇಲ್ಲಾ ಆ ಹಿಡಿ ಮಣ್ಣಿನ ಜೊತೇನೇ ಸಂಸಾರ ಮಾಡ್ತೀರೋ?" ಎಂದಳು. ದೇವರ ಮುಂದೆ ಆಣೆ ಇಟ್ಟವನು ನಾನು.

ಮುದ್ರೆಗೆಂದು ಇಟ್ಟಿದ್ದ ಮಣ್ಣನ್ನೇ ಕಲಸಿ, ಹಲಗೆಯಂತೆ ತಟ್ಟಿ, ಅದರ ಮೇಲೆ ಈ ಪತ್ರ ಬರೆದಿದ್ದೇನೆ. ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳು ರೊಟ್ಟಿ ಚೆನ್ನಾಗಿ ಸುಡುತ್ತಾಳೆ, ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಮಗುವಿಗೆ ರಾತ್ರಿ ಕೆಮ್ಮು.

ಒಳಗೆ ಇನ್ನು ನಾನೊಬ್ಬನೇ. ಮುದ್ರೆ ನೋಡಲು ಯಾರನ್ನಾದರೂ ಕಳಿಸಿ. ಗೋಡೆ ಬಿದ್ದ ಕಡೆಯಿಂದ ಬರಲು ಹೇಳಿ. ಮುದ್ರೆ ಒಡೆದಿಲ್ಲ.

ನಿಮ್ಮ ಆಳು,
ಜುವಾನ