ಒಂದೇ ಸಾಲು

ಮಾರ್ಚ್ ೪
ಮತ್ತೆ ಟವರ್, ಮತ್ತೆ ಮೀಟಿಂಗ್. ಕರೆಂಟ್ ಮೀಟರು, ನೀರಿನ ಮೀಟರು, ಬೀದಿದೀಪ — ಎಲ್ಲ ನಮ್ಮ ನೆಟ್‌ವರ್ಕಿಗೆ ಬಂದಾಯಿತು. ಈಗ ಮನುಷ್ಯರಿಗಿಂತ ಯಂತ್ರಗಳ ಮಾತೇ ಹೆಚ್ಚು. ಜೀವ ಕಾಯುವ ಯಂತ್ರಗಳಿಗೆ ಬೇರೆ ದಾರಿ ಬಿಡೋಣವೇ ಎಂದಳು ಜೊತೆಯ ಎಂಜಿನಿಯರ್. ಸದ್ಯಕ್ಕೆ ಎಲ್ಲಕ್ಕೂ ಒಂದೇ ಸಾಲು ಸಾಕು ಅಂದೆ. ಟೆಸ್ಟಿನಲ್ಲಿ ಸರಿಯಾಗಿಯೇ ಇತ್ತು.

ಮಾರ್ಚ್ ೭, ಸಂಜೆ
ಅಕ್ಕನ ಕೈಗೆ ಬ್ಯಾಂಡ್ ಕಟ್ಟಿ ಬಂದೆ. ಫಿಟ್ಸ್ ಬಂದರೆ ಅದೇ ನಮ್ಮ ಟವರಿನ ಮೂಲಕ ನನಗೂ ಆಂಬುಲೆನ್ಸಿಗೂ ಸುದ್ದಿ ಮುಟ್ಟಿಸುತ್ತದೆ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಕೊನೆಗೂ ತಮ್ಮ ಒಂದು ಬಳೆ ತಂದ" ಅಂದಳು. ಕೆಳಗಿನ ಹೇರ್ ಕಟಿಂಗ್ ಅಂಗಡಿಯವನ ಹತ್ತಿರ ಮನೆಯ ಇನ್ನೊಂದು ಕೀ ಇಟ್ಟಿದ್ದಳು. ಕಂಡವರ ಕೈಲಿ ಕೀ ಯಾಕೆ... ವಾಪಸ್ ಇಸಿದುಕೊಂಡೆ.

ಮಾರ್ಚ್ ೨೨
ಬರೆಯಲು ಕೂರುವುದು, ಏಳುವುದು. ಇಷ್ಟೇ ಆಗಿತ್ತು.
ಹೋದ ವಾರ ಊರಿಗೆಲ್ಲ ಕರೆಂಟ್ ಹೋಗಿ ಬಂತು. ಬಂದ ಕೂಡಲೇ ಮೀಟರುಗಳೆಲ್ಲ ಒಟ್ಟಿಗೆ ಎದ್ದು ಟವರನ್ನು ಕರೆದವು. ಒಂದರ ಮಾತಿನ ಮೇಲೆ ಇನ್ನೊಂದು. ಯಾವುದೂ ಮುಟ್ಟಲಿಲ್ಲ, ಮುಟ್ಟಲಿಲ್ಲವೆಂದು ಮತ್ತೆ ಕರೆದವು. ಸಂತೆಗಿಂತ ಕಡೆ. ಅದೇ ಹೊತ್ತಿಗೆ ಅಕ್ಕ ಇಸ್ತ್ರಿ ಮಾಡುತ್ತಿದ್ದವಳು ಬಿದ್ದಳು. ಬ್ಯಾಂಡ್ ಕೂಗಿತು, ಕೂಗುತ್ತಲೇ ಇತ್ತು — ನೀರಿನ ಮೀಟರುಗಳ ಹಿಂದೆ, ಸಾಲಿನಲ್ಲಿ.
ಸುಟ್ಟ ವಾಸನೆಗೆ ಕಟಿಂಗ್ ಅಂಗಡಿಯವನು ಮೇಲೆ ಓಡಿದ್ದಾನೆ. ಬಾಗಿಲು ಒಡೆಯುವಷ್ಟರಲ್ಲಿ ಅವಳ ಬಲಗೈ...
"ಕೀ ಇದ್ದಿದ್ರೆ ಸಾರ್," ಅಂದ, ಆಸ್ಪತ್ರೆಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೯
ತುರ್ತಿಗೆ ಬೇರೆ ದಾರಿ ಬಿಟ್ಟಾಯಿತು. ಮೀಟರುಗಳು ಇನ್ನು ಒಂದೊಂದೂ ಬೇರೆ ಬೇರೆ ಹೊತ್ತು ಕಾದು ಕರೆಯುತ್ತವೆ. ಎಲ್ಲ ಜೊತೆಯವಳ ಕೆಲಸ. ಬಾಸ್ ನನ್ನ ಕೈಯನ್ನೂ ಕುಲುಕಿದರು. ಅಟ್ಟ ಮೇಲೆ ಒಲೆ ಉರಿಯಿತು.

ಏಪ್ರಿಲ್ ೨೧
ಅಕ್ಕನ ಬ್ಯಾಂಡೇಜ್ ಬಿಚ್ಚಿದ್ದಾರೆ. ಮೂರು ಬೆರಳು ಮಡಚುವುದಿಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದು ಹಳೆಯ ಬಟ್ಟೆ ಕತ್ತರಿಸುತ್ತಿದ್ದಳು. ಅಂಕುಡೊಂಕು. ಹೇಳಿಬಿಡಬೇಕೆಂದೇ ಹೋಗಿದ್ದೆ. ಟವರಿನ ಮಾತು ತೆಗೆದೆ.
"ನಿನ್ನ ಟವರ್ ಕಟ್ಕೊಂಡು ನನಗೇನಾಗ್ಬೇಕು? ಈ ತುದಿ ಬಿಗಿಯಾಗಿ ಹಿಡ್ಕೊ, ಜಾರ್ತಿದೆ."
ಹಿಡಿದೆ. ಕತ್ತರಿಸುತ್ತ ಅವಳೇ ಅಂದಳು: "ಯಾರೋ ಏನೋ ತಪ್ಪು ಮಾಡಿರ್ತಾರೆ, ಬಿಡು. ನನಗೋಸ್ಕರ ಆಫೀಸಲ್ಲಿ ಯಾರ ಜೊತೇನೂ ಜಗಳ ಆಡ್ಬೇಡ."
ಬಟ್ಟೆ ಹಿಡಿದುಕೊಂಡೇ ಹೂಂ ಅಂದೆ.

ಏಪ್ರಿಲ್ ೨೨
ಇವತ್ತು ಹೇಳುತ್ತೇನೆ. ಅವಳ ಮನೆಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಒಳಗೆ ಯಂತ್ರ ಓಡುತ್ತದೆ, ನಿಲ್ಲುತ್ತದೆ. ಬಿಚ್ಚಿ ಮತ್ತೆ ಹೊಲಿಯುತ್ತಿರಬೇಕು. ಅಕ್ಕ, ಆ ಯಾರೋ ಅಂದೆಯಲ್ಲ — ಹೀಗೆ ಶುರು ಮಾಡಬೇಕು. ಆ ಯಾರೋ