ಇಂಥವರಿಂದ ಕೇಳಿದೆ

ಫೆಬ್ರವರಿ 2, ಸೋಮ

ಬೆಳ್ಮಣ್ ಬಸ್ಸು ಇವತ್ತೂ ಲೇಟು. ಓಡಿಕೊಂಡೇ ಕ್ಲಾಸಿಗೆ. ಸೆಕೆಂಡ್ ಬಿ.ಎ., ಹಳೆಯ ಬಾಗ್ದಾದಿನ ಪಾಠ. ಮಸೀದಿಯ ಕಂಬಕ್ಕೆ ಒರಗಿ ಗುರು, ಸುತ್ತ ನೆಲದಲ್ಲಿ ಶಿಷ್ಯರು — ಬೆಂಚು ಸರಿಸಿ ಹಾಗೆಯೇ ಕೂರಿಸಿದೆ. ಆಗ ಪ್ರವಾದಿಯ ಮಾತು ಎಂದು ಸುಮ್ಮನೆ ಹೇಳುವಂತಿರಲಿಲ್ಲ. ಇಂಥವರಿಂದ ಕೇಳಿದೆ, ಅವರು ಇಂಥವರಿಂದ... ಸರಪಳಿ ಇಡೀ ಹೇಳಬೇಕು. ನಡುವೆ ಒಬ್ಬ ಸುಳ್ಳುಗಾರನಿದ್ದರೆ ಮಾತು ಕಸ.

ಆಶ್ರಿತಾ ಕೇಳಿದಳು, "ನಡುವೆ ಸ್ವಂತ ಅಪ್ಪನೇ ಇದ್ದರೆ ಮೇಡಂ?"

ಆ ಕಾಲದ ಒಬ್ಬ ಪಂಡಿತನ ಕಥೆ ಹೇಳಿದೆ. ಅವನಪ್ಪನ ಬಗ್ಗೆ ಅವನನ್ನೇ ಕೇಳಿದ್ದರಂತೆ. ಬೇರೆಯವರನ್ನು ಕೇಳಿ ಎಂದನಂತೆ. ಬಿಡಲಿಲ್ಲ. ಕೊನೆಗೆ ತಲೆ ಎತ್ತಿ ಹೇಳಿದನಂತೆ — ನನ್ನಪ್ಪ ನಂಬಿಕೆಗೆ ತಕ್ಕವರಲ್ಲ. ಕ್ಲಾಸಿಡೀ ಚಪ್ಪಾಳೆ.

ಫೋಟೋ ತೆಗೆದು ಕ್ಲಾಸ್ ಗ್ರೂಪಿಗೆ ಹಾಕಿದೆ. ನಮ್ಮ ಮನೆಯವರಿಗೂ ಕಳಿಸಿದೆ. ಹೆಬ್ಬೆರಳು ಬಂತು.

ಫೆಬ್ರವರಿ 5, ಗುರು

ಪ್ರಿನ್ಸಿಪಾಲರು ಕರೆದು ಮೊಬೈಲು ಮುಂದೆ ಹಿಡಿದರು. ಅದೇ ಫೋಟೋ. ಕೆಳಗೆ — ಕಾಲೇಜಿನಲ್ಲಿ ನಮಾಜ್ ತರಬೇತಿ! ಎಲ್ಲರಿಗೂ ಕಳಿಸಿ.

ವೃತ್ತವಾಗಿ ಕೂತು ನಮಾಜ್ ಮಾಡುವವರನ್ನು ಈ ಜನ ಎಲ್ಲಿ ಕಂಡರೋ!

"ಪ್ರಫುಲ್ಲಾ ಮೇಡಂ, ಹದಿನಾಲ್ಕಕ್ಕೆ ಪೋಷಕರ ಸಭೆ ಉಂಟು. ಕ್ಷಮೆ ಕೇಳಿಬಿಡಿ. ಇಲ್ಲದಿದ್ದರೆ ಹದಿನಾರರ ಸೋಮವಾರದಿಂದ ಬರುವುದು ಬೇಡ."

"ಯಾರು ಹೇಳಿದ್ದು ಸರ್?"

"ಎಲ್ಲರೂ ಹೇಳ್ತಾರೆ."

ಎಲ್ಲರೂ ಎನ್ನುವುದು ಒಂದು ಹೆಸರಾ? ಮೈ ಉರಿಯಿತು. ಬಿಡಲಿಲ್ಲ. ಕಡೆಗೆ ಬಾಯಿಬಿಟ್ಟರು — ಕಾಲೇಜು ಕಮಿಟಿಯ ಚೆನ್ನಪ್ಪ.

ಮಕ್ಕಳ ಮೇಲೆ ಅನುಮಾನ. ಆಶ್ರಿತಾಳನ್ನು ಗದರಿಸಿದೆ. "ನಾವು ಯಾರಿಗೂ ಕಳಿಸಲಿಲ್ಲ ಮೇಡಂ" ಎಂದು ಅತ್ತಳು. ನಂಬಲಿಲ್ಲ.

ಫೆಬ್ರವರಿ 7, ಶನಿ

ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ಚೆನ್ನಪ್ಪನವರನ್ನು ಹಿಡಿದೆ.

"ನನಗೆಂತ ಗೊತ್ತುಂಟು ಟೀಚರ್? ಬಂತು, ಕಳಿಸಿದೆ. ಕಾಪುವಿನ ರೂಪೇಶನಿಂದ ಬಂದದ್ದು."

ರೂಪೇಶ! ಇವರ ಶಾಲೆಯ ದೋಸ್ತಿ. ನಮ್ಮ ಮದುವೆಗೆ ಬಂದು ಉಂಡವನು. ನಾಳೆಯೇ ಹೋಗಿ ಝಾಡಿಸುತ್ತೇನೆ.

ಫೆಬ್ರವರಿ 8, ಭಾನು



ರೂಪೇಶ ನಕ್ಕ. "ಎಂತ ಅತ್ತಿಗೆ, ನಿಮಗೆ ಗೊತ್ತಿಲ್ವಾ? ನಮ್ಮ ಬ್ಯಾಚಿನ ಗ್ರೂಪಲ್ಲಿ ನಿಮ್ಮ ಭುಜಂಗನೇ ಹಾಕಿದ್ದು." ತೋರಿಸಿದ. 'ನನ್ನ ಹೆಂಡತಿಯ ನಮಾಜ್ ಕ್ಲಾಸ್.' ಹಿಂದೆ ನಗುವ ಮುಖಗಳ ಸಾಲು. ಮೊದಲ ನಗು ಇವರದೇ.

ಊಟದ ಹೊತ್ತಿಗೆ ಕೇಳಿದೆ. ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದರು, "ತಮಾಷೆಗೆ ಹಾಕಿದ್ದು ಮಾರಾಯ್ತಿ. ಯಾರೋ ಮೇಲಿಂದ ಬರೆದು ಕಳಿಸಿದ್ರೆ ನಾನೆಂತ ಮಾಡ್ಲಿ? ಒಮ್ಮೆ 'ಸಾರಿ' ಹೇಳು, ಮುಗೀತು. ನನ್ನ ಹೆಸರು ಮಾತ್ರ ತೆಗೀಬೇಡ. ನಾಳೆ ನಾನು ಪೇಟೆಯಲ್ಲಿ ಮುಖ ಎತ್ತಿ ತಿರುಗುವುದು ಬೇಡ್ವಾ?"

ಇವರ ಮುಖಕ್ಕೆ ಪೇಟೆ ಉಂಟು. ನನ್ನ ಮುಖಕ್ಕೆ? ಬಟ್ಟಲು ತೆಗೆದು ಎದ್ದೆ. ಪಾಪದ ಹುಡುಗಿಯನ್ನು ಅಳಿಸಿದೆನಲ್ಲ, ಅದೂ ಇವರ ದೆಸೆಯಿಂದ.

ಫೆಬ್ರವರಿ 14, ಶನಿ. ಸಂಜೆ

ಆರು ದಿನ ಮಾತಿಲ್ಲ. ಆದರೂ ಸಭೆಗೆ ಇವರೇ ಕರೆದುಕೊಂಡು ಹೋದರು. ಕ್ಷಮೆ ಕೇಳುವುದನ್ನು ಕಣ್ಣಾರೆ ನೋಡಿ ಬರಬೇಕಿತ್ತೋ ಏನೋ. ಕೊನೆಯ ಸಾಲಿನಲ್ಲಿ ಕೂತರು.

ಮೈಕು ಕೊಟ್ಟರು. ಕ್ಷಮೆ ಕೇಳಲಿಲ್ಲ.

"ಈ ಸುದ್ದಿಯನ್ನು ಪ್ರಿನ್ಸಿಪಾಲರು ಚೆನ್ನಪ್ಪನವರಿಂದ ಕೇಳಿದರು. ಚೆನ್ನಪ್ಪನವರು ಕಾಪುವಿನ ರೂಪೇಶನಿಂದ."

ಇವರು ಕೂತಲ್ಲಿಂದಲೇ ತಲೆ ಅಲ್ಲಾಡಿಸುತ್ತಿದ್ದರು, ಬೇಡ ಬೇಡ ಎಂದು. ಆಶ್ರಿತಾ ಅವಳಪ್ಪನ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

"ರೂಪೇಶ ನನ್ನ ಗಂಡನಿಂದ. ನನ್ನ ಗಂಡ ನಂಬಿಕೆಗೆ ತಕ್ಕವರಲ್ಲ."

ಇವರು ಎದ್ದು ಹೊರಗೆ ಹೋದರು. ಚಪ್ಪಾಳೆಯಿಲ್ಲ. ಸೋಮವಾರ ಕೆಲಸ ಉಂಟೋ ಇಲ್ಲವೋ, ಯಾರೂ ಹೇಳಲಿಲ್ಲ. ಬಸ್ಸಿನಲ್ಲಿ ಬಂದೆ.

ಗೇಟಿನ ಸದ್ದು. ಬಂದರು. ಕೂಗಾಡಲಿ. ಇವತ್ತು ನಾನು ಮುಖ ತಗ್ಗಿಸುವುದಿಲ್ಲ.